ನಾಲ್ಕು ರೇಸ್, ನಾಲ್ಕೂ ಸರಿ: ಕುದುರೆ ಜೂಜಿನ ‘ಪಕ್ಕಾ ಪದ್ಧತಿ’ಗಳ ಒಳಲೆಕ್ಕ

ಒಂದು ಶನಿವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ಮೆಸೇಜು ಬರುತ್ತದೆ. “ಇವತ್ತು ಎರಡನೇ ರೇಸ್, ಐದನೇ ನಂಬರು. ದುಡ್ಡು ಕಟ್ಟಬೇಡಿ, ಸುಮ್ಮನೆ ನೋಡಿ.” ಸಂಜೆ ಕುತೂಹಲಕ್ಕೆ ಫಲಿತಾಂಶ ನೋಡಿದರೆ ಐದನೇ ನಂಬರೇ ಗೆದ್ದಿದೆ. ಭಾನುವಾರ ಇನ್ನೊಂದು ಮೆಸೇಜು, ಅದೂ ಸರಿ. ಮುಂದಿನ ವಾರ ಮೂರನೆಯದು, ನಾಲ್ಕನೆಯದು. ನಾಲ್ಕೂ ಸರಿ. ಐದನೇ ಮೆಸೇಜಿನಲ್ಲಿ ಕುದುರೆಯ ನಂಬರು ಇರುವುದಿಲ್ಲ, ಬೆಲೆ ಇರುತ್ತದೆ: ಇಡೀ ಸೀಸನ್ನಿನ ಟಿಪ್ಸ್‌ಗೆ 15,000 ರೂಪಾಯಿ. ನಾಲ್ಕು ಸಲ ಕಣ್ಣಾರೆ ಕಂಡ ಮೇಲೆ ಅನುಮಾನ ಪಡುವುದಾದರೂ ಹೇಗೆ?

ಕಳಿಸಿದವನಿಗೆ ಕುದುರೆಯ ವಿಷಯ ಏನೂ ಗೊತ್ತಿರಬೇಕಾಗಿಲ್ಲ. ಅವನ ಹತ್ತಿರ 4,096 ಫೋನ್ ನಂಬರುಗಳಿದ್ದರೆ ಸಾಕು. ಎಂಟು ಕುದುರೆ ಓಡುವ ರೇಸ್ ಆರಿಸಿಕೊಂಡು, 512 ಜನಕ್ಕೆ ಒಂದನೇ ಕುದುರೆ, 512 ಜನಕ್ಕೆ ಎರಡನೇ ಕುದುರೆ, ಹೀಗೆ ಎಂಟನ್ನೂ ಹಂಚಿಬಿಡುತ್ತಾನೆ. ಯಾವುದೇ ಗೆಲ್ಲಲಿ, 512 ಜನಕ್ಕೆ ‘ಸರಿಯಾದ’ ಟಿಪ್ ಸಿಕ್ಕಿರುತ್ತದೆ. ಉಳಿದವರನ್ನು ಕೈಬಿಟ್ಟು ಆ 512 ಜನಕ್ಕೆ ಮತ್ತೆ ಎಂಟು ಪಾಲು. 64 ಜನ ಉಳಿಯುತ್ತಾರೆ. ಆಮೇಲೆ ಎಂಟು ಜನ. ಆಮೇಲೆ ಒಬ್ಬರು. ಆ ಒಬ್ಬರು ನೀವು. ಮಿಕ್ಕ 4,095 ಜನರಿಗೆ ಹೋದ ತಪ್ಪು ಮೆಸೇಜುಗಳು ನಿಮ್ಮ ಫೋನಿಗೆ ಬರುವುದಿಲ್ಲ, ಅಷ್ಟೇ. ನಿಜ ಹೇಳಬೇಕೆಂದರೆ ಅವನು ಕೊನೆಯ ಒಬ್ಬರವರೆಗೆ ಕಾಯುವುದೂ ಇಲ್ಲ. ಎರಡು ಸಲ ಸರಿ ಕಂಡ 64 ಜನರಲ್ಲಿ ಹತ್ತು ಜನ ದುಡ್ಡು ಕಳಿಸಿದರೂ ಅವನಿಗೆ ಒಂದೂವರೆ ಲಕ್ಷ.

ಇದು ನೇರ ಮೋಸ, ಒಮ್ಮೆ ಗೊತ್ತಾದರೆ ಮತ್ತೆ ಬೀಳುವುದಿಲ್ಲ. ಹೆಚ್ಚು ಜನರ ದುಡ್ಡು ಕಳೆಯುವುದು ಬೇರೆ ಬಗೆಯದು, ಯಾರೂ ಯಾರಿಗೂ ಮೋಸ ಮಾಡದ ಪದ್ಧತಿ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ, ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದ ಮೈದಾನದಲ್ಲಿ ನೋಟ್‌ಬುಕ್ ಹಿಡಿದು ಕೂತ ಹಿರಿಯರನ್ನು ನೋಡಿದ್ದೀರಲ್ಲ, ಅವರಲ್ಲಿ ಬಹಳ ಮಂದಿ ತಮ್ಮ ಲೆಕ್ಕವನ್ನು ಪ್ರಾಮಾಣಿಕವಾಗಿ ನಂಬಿದವರು. ಗಣಿತ ಬಲ್ಲವರೂ ಇದ್ದಾರೆ. ಅವರ ಲೆಕ್ಕ ಎಲ್ಲಿ ಜಾರುತ್ತದೆ ಎಂದು ತಿಳಿಯಬೇಕಾದರೆ ಮೊದಲು ಕಟ್ಟಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು.

ಟೋಟ್ ಅನ್ನೇ ತೆಗೆದುಕೊಳ್ಳಿ. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಓಲರ್ ಎಂಬಾತ ಶುರುಮಾಡಿದ ಏರ್ಪಾಡು ಇದು. ಎಲ್ಲರೂ ಕಟ್ಟಿದ ದುಡ್ಡು ಒಂದೇ ರಾಶಿಗೆ ಬೀಳುತ್ತದೆ. ಅದರಲ್ಲಿ ನಡೆಸುವವರ ಪಾಲು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಗೆದ್ದ ಕುದುರೆಯ ಮೇಲೆ ಕಟ್ಟಿದವರಿಗೆ ಹಂಚುತ್ತಾರೆ. ಜಾರ್ಜ್ ಜೂಲಿಯಸ್ ಎಂಬ ಎಂಜಿನಿಯರ್ ಮತ ಎಣಿಸಲೆಂದು ರೂಪಿಸಿದ್ದ ಯಂತ್ರವೊಂದು ಯಾರಿಗೂ ಬೇಡವಾಗಿ, ಕೊನೆಗೆ ಈ ರಾಶಿಯನ್ನು ಎಣಿಸುವ ಯಂತ್ರವಾಗಿ 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನ ರೇಸ್‌ಕೋರ್ಸಿನಲ್ಲಿ ಕೆಲಸ ಶುರುಮಾಡಿತು. ಚುನಾವಣೆಗೆ ಮಾಡಿದ್ದು ಜೂಜಿಗೆ ಹೊಂದಿಕೊಂಡದ್ದು ತಮಾಷೆಯೇ, ಆದರೆ ಹೋಲಿಕೆ ಸುಳ್ಳಲ್ಲ. ಟೋಟ್‌ನಲ್ಲಿ ಒಂದು ಕುದುರೆಯ ಬೆಲೆ (ಅದು ಗೆದ್ದರೆ ಕಟ್ಟಿದ ದುಡ್ಡಿಗೆ ಎಷ್ಟು ಸಿಗುತ್ತದೆ ಎಂಬುದು) ಎಂದರೆ ಜನರು ದುಡ್ಡಿನಿಂದ ಹಾಕಿದ ಮತ.

ನೂರು ಜನ ತಲಾ 100 ರೂಪಾಯಿ ಕಟ್ಟಿದರು ಅನ್ನೋಣ. ರಾಶಿ 10,000. ನಡೆಸುವವರ ಪಾಲು ಶೇ 20 ಎಂದು ಇಟ್ಟುಕೊಂಡರೆ ಹಂಚಲು ಉಳಿದದ್ದು 8,000. ಕುದುರೆಗಳು ಇನ್ನೂ ಗೇಟಿನೊಳಗೇ ನಿಂತಿವೆ, ಆಗಲೇ ನೂರು ಜನರೂ ಸೇರಿ 2,000 ರೂಪಾಯಿ ಸೋತಾಗಿದೆ. ಇನ್ನು ಉಳಿದ ಪ್ರಶ್ನೆ ಆ ಸೋಲು ಯಾರ ಯಾರ ನಡುವೆ ಹಂಚಿಹೋಗುತ್ತದೆ ಎಂಬುದು ಮಾತ್ರ. ನೀವು ಲಾಭದಲ್ಲಿರಬೇಕಾದರೆ ಉಳಿದ 99 ಜನರಿಗಿಂತ ಸ್ವಲ್ಪ ಜಾಣರಾಗಿದ್ದರೆ ಸಾಲದು. ಆ ಶೇ 20ನ್ನು ದಾಟುವಷ್ಟು ಜಾಣರಾಗಿರಬೇಕು, ಅದೂ ಪ್ರತಿ ರೇಸಿನಲ್ಲೂ.

ಬುಕ್ಕಿಯ ಹತ್ತಿರ ಕಟ್ಟಿದರೂ ಇದೇ ಕಥೆ, ವೇಷ ಬೇರೆ. ಐದು ಕುದುರೆಗಳ ರೇಸ್. ಬೆಲೆಗಳು ಹೀಗಿವೆ ಅನ್ನಿ: ಮೊದಲನೆಯದಕ್ಕೆ 100 ಕಟ್ಟಿದರೆ 150 ಗೆಲುವು (ಕಟ್ಟಿದ 100 ಬೇರೆ ವಾಪಸ್), ಎರಡನೆಯದಕ್ಕೆ 200, ಮೂರನೆಯದಕ್ಕೆ 400, ನಾಲ್ಕನೆಯದಕ್ಕೆ 500, ಐದನೆಯದಕ್ಕೆ 900. ಐದರ ಮೇಲೂ ಕಟ್ಟಿ, ಯಾವುದು ಗೆದ್ದರೂ ಕೈಗೆ ಒಟ್ಟು 1,000 ಬರುವಂತೆ ಹೊಂದಿಸಿ ನೋಡಿ. ಕ್ರಮವಾಗಿ 400, 333, 200, 167, 100 ಕಟ್ಟಬೇಕಾಗುತ್ತದೆ. ಕೂಡಿದರೆ 1,200. ಸಾವಿರ ತರಲು ಸಾವಿರದಿನ್ನೂರು. “ಎಲ್ಲ ಕುದುರೆಗಳನ್ನೂ ಲೆಕ್ಕ ಹಾಕಿ ಕಟ್ಟಿದರೆ ಸೋಲೇ ಇಲ್ಲ” ಎನ್ನುವ ಪದ್ಧತಿ ಇಲ್ಲಿಗೇ ಮುಗಿಯಿತು. ಸೋಲು ಇಲ್ಲಿ ಖಚಿತ, 200 ರೂಪಾಯಿ.

ನಮ್ಮ ದೇಶದಲ್ಲಿ ಇದರ ಮೇಲೆ ತೆರಿಗೆ ಕೂತಿದೆ. ಪದ್ಧತಿ ಮಾರುವವರು ಈ ವಿಷಯ ಎತ್ತುವುದೇ ಇಲ್ಲ. 2023ರ ಅಕ್ಟೋಬರ್ 1ರಿಂದ ರೇಸ್ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. ಗಮನಿಸಿ, ಈ ತೆರಿಗೆ ಗೆಲುವಿನ ಮೇಲಲ್ಲ, ಕಟ್ಟುವ ದುಡ್ಡಿನ ಮೇಲೆ. 100 ರೂಪಾಯಿಯ ಬಾಜಿಗೆ ತೆರಿಗೆ ಸೇರಿ ಜೇಬಿನಿಂದ 140 ಹೋದರೆ, ಮೇಲಿನ ಲೆಕ್ಕದಲ್ಲಿ ಸರಾಸರಿ ಮರಳುವುದು 80. ಅಂದರೆ ರೂಪಾಯಿಗೆ 57 ಪೈಸೆ. ಇದಾದ ಮೇಲೂ ಗೆದ್ದಿರೋ, ಗೆಲುವು 10,000 ಮೀರಿದರೆ ಶೇ 30 ಆದಾಯ ತೆರಿಗೆ ಅಲ್ಲೇ ಮುರಿದುಕೊಳ್ಳುತ್ತಾರೆ. ಇಡೀ ವರ್ಷ ಒಂದು ಲಕ್ಷ ಗೆದ್ದು ಒಂದೂಕಾಲು ಲಕ್ಷ ಸೋತರೂ ಆ ಒಂದು ಲಕ್ಷಕ್ಕೆ ತೆರಿಗೆ ಉಂಟು. ಸೋಲನ್ನು ಅದರಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಬೇರೆ ದೇಶದವರು ಬರೆದ ಪದ್ಧತಿಗಳನ್ನು ತಂದು ಇಲ್ಲಿ ಹಚ್ಚುವವರು ಈ ಎರಡು ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಎಲ್ಲರಿಗೂ ಪ್ರಿಯವಾದ ಪದ್ಧತಿಗೆ ಬರೋಣ. ಹೆಸರು ಮಾರ್ಟಿಂಗೇಲ್, ಹದಿನೆಂಟನೇ ಶತಮಾನದ ಫ್ರಾನ್ಸಿನ ಜೂಜುಕಟ್ಟೆಗಳದ್ದು. ನಮ್ಮಲ್ಲಿ ಹೆಸರಿಲ್ಲದೆಯೂ ಚಾಲ್ತಿಯಲ್ಲಿದೆ (ಫೇವರಿಟ್ ಎಂದರೆ ಜನರ ದುಡ್ಡು ಎಲ್ಲಕ್ಕಿಂತ ಹೆಚ್ಚು ಬಿದ್ದ ಕುದುರೆ): “ಫೇವರಿಟ್ ಮೇಲೆ 100 ಕಟ್ಟು. ಸೋತರೆ 200. ಮತ್ತೆ ಸೋತರೆ 400. ಎಂದಾದರೂ ಫೇವರಿಟ್ ಗೆಲ್ಲಲೇಬೇಕಲ್ಲ, ಗೆದ್ದ ದಿನ ಹಿಂದಿನದೆಲ್ಲ ವಾಪಸ್.” ಕೇಳಲು ತಪ್ಪೇ ಕಾಣುವುದಿಲ್ಲ.

ಸ್ಥೂಲವಾಗಿ ಫೇವರಿಟ್ ಕುದುರೆ ಮೂರು ರೇಸಿಗೆ ಒಂದರಂತೆ ಗೆಲ್ಲುತ್ತದೆ ಎಂದುಕೊಳ್ಳಿ. ಜಗತ್ತಿನ ಬಹುತೇಕ ಮೈದಾನಗಳಲ್ಲಿ ಇದಕ್ಕೆ ಹತ್ತಿರದ ಅಂಕಿಯೇ ಕಾಣುತ್ತದೆ. ಹಾಗಾದರೆ ಸತತ ಎಂಟು ಸಲ ಸೋಲುವ ಸಾಧ್ಯತೆ ಸುಮಾರು 26ರಲ್ಲಿ ಒಂದು. ಅಪರೂಪ ಅನ್ನಿಸುತ್ತದೆ. ಆದರೆ 200 ರೇಸ್ ಆಡಿದರೆ, ಎಂಟೋ ಅದಕ್ಕಿಂತ ಉದ್ದವೋ ಆದ ಇಂಥ ಸೋಲಿನ ಸಾಲು ಸರಾಸರಿ ಎರಡು ಮೂರು ಬಾರಿ ಬರುತ್ತದೆ. ನೂರರಿಂದ ಶುರುವಾದ ಬಾಜಿ ಎಂಟು ಸೋಲಿಗೆ ಒಟ್ಟು 25,500 ನುಂಗಿರುತ್ತದೆ. ಒಂಬತ್ತನೆಯದು 25,600. ಅದೂ ಹೋದರೆ ಒಟ್ಟು 51,100 ಹೋಯಿತು, ಹತ್ತನೇ ಬಾಜಿ 51,200. ಎಲ್ಲವೂ ನೂರು ರೂಪಾಯಿಯಿಂದ ಹುಟ್ಟಿದ್ದು.

“ದುಡ್ಡಿದ್ದವನಿಗೆ ಏನು ಕಷ್ಟ, ಕಟ್ಟುತ್ತಾನೆ” ಎನ್ನಬಹುದು. ಇಲ್ಲಿ ಕುದುರೆ ಜೂಜಿಗೇ ವಿಶೇಷವಾದ ಒಂದು ತೊಡಕಿದೆ, ಬಹಳ ಜನ ಅದನ್ನು ಗಮನಿಸಿರುವುದಿಲ್ಲ. ಟೋಟ್‌ನಲ್ಲಿ ಬೆಲೆಯನ್ನು ಹುಟ್ಟಿಸುವುದು ಕಟ್ಟಿದ ದುಡ್ಡೇ. ಹಾಗಾಗಿ ನೀವು ದೊಡ್ಡದಾಗಿ ಕಟ್ಟಿದ ಕೂಡಲೇ ನಿಮ್ಮ ಬೆಲೆಯನ್ನು ನೀವೇ ಕೆಡಿಸುತ್ತೀರಿ. ರಾಶಿಯಲ್ಲಿ 2 ಲಕ್ಷ ಇದೆ, ಅದರಲ್ಲಿ ಫೇವರಿಟ್ ಮೇಲೆ 70,000 ಇದೆ ಅನ್ನಿ. ಶೇ 20 ತೆಗೆದು ಹಂಚಿದರೆ 10 ರೂಪಾಯಿ ಟಿಕೆಟ್ಟಿಗೆ ಸುಮಾರು 22 ರೂಪಾಯಿ 80 ಪೈಸೆ ಬರಬೇಕು. ಈಗ ನಿಮ್ಮ 51,200 ಅದೇ ಕುದುರೆಯ ಮೇಲೆ ಬಿತ್ತು. ರಾಶಿ 2,51,200, ಹಂಚಲು 2,00,960, ಫೇವರಿಟ್ ಮೇಲಿರುವುದು 1,21,200. ಹತ್ತಕ್ಕೆ ಈಗ ಹದಿನಾರೂವರೆ ರೂಪಾಯಿಯ ಆಸುಪಾಸು ಮಾತ್ರ. ಕುದುರೆ ಗೆದ್ದೇಬಿಟ್ಟಿತು ಎಂದುಕೊಳ್ಳಿ. ನಿಮ್ಮ ಲಾಭ 34,000ದ ಒಳಗೆ. ಹಿಂದಿನ ಸೋಲು 51,100. ಹತ್ತನೇ ಸಲ ಗೆದ್ದೂ 17,000ಕ್ಕಿಂತ ಹೆಚ್ಚು ಸೋತಿದ್ದೀರಿ! ಇದರಲ್ಲಿ ನಾನು ಯಾವ ತೆರಿಗೆಯನ್ನೂ ಸೇರಿಸಿಲ್ಲ.

ಇಷ್ಟಾದರೂ ಈ ಪದ್ಧತಿ ಸಾಯುವುದಿಲ್ಲ. ಕಾರಣ, ಇದು ಹೆಚ್ಚು ದಿನ ಗೆಲ್ಲುತ್ತದೆ. ಹತ್ತು ವಾರಾಂತ್ಯಗಳಲ್ಲಿ ಎಂಟರಲ್ಲಿ ನಾಲ್ಕು ಕಾಸು ಮಾಡಿಕೊಂಡು ಮನೆಗೆ ಬಂದವನು “ನನ್ನದು ನಡೀತಾ ಇದೆ” ಎಂದು ಹೇಳುವುದು ಸುಳ್ಳಲ್ಲ. ಅವನು ಸಣ್ಣ ಸಣ್ಣ ಗೆಲುವುಗಳನ್ನು ಮುಂಗಡ ಪಡೆಯುತ್ತಿದ್ದಾನೆ. ಸಾಲ ವಸೂಲಿಗೆ ಬರುವುದು ಒಂದೇ ದಿನ. ಬಾಜಿಯ ಮೊತ್ತ ಏರಿಸುವ ಇಳಿಸುವ ಯಾವ ಪದ್ಧತಿಯೂ ಇಷ್ಟನ್ನೇ ಮಾಡುತ್ತದೆ: ಸೋಲಿನ ಆಕಾರ ಬದಲಾಯಿಸುತ್ತದೆ, ಅಳತೆಯನ್ನಲ್ಲ. ಸೋತಾಗ ಒಂದೊಂದೇ ಮೆಟ್ಟಿಲು ಏರುವ ಡಾಲಂಬರ್, ಕಾಗದದ ಮೇಲೆ ಅಂಕಿ ಬರೆದು ಹೊಡೆದು ಹಾಕುವ ಲಬೂಶೇರ್, 1, 1, 2, 3, 5, 8 ಎಂದು ಕಟ್ಟುವ ಫಿಬೊನಾಚ್ಚಿ ಎಲ್ಲವೂ ಒಂದೇ ಮನೆತನ. (ಆ ಸರಣಿಯನ್ನು ಫಿಬೊನಾಚ್ಚಿಗಿಂತ ಮೊದಲೇ ನಮ್ಮ ಹೇಮಚಂದ್ರ ಛಂದಸ್ಸಿನ ಲಘು ಗುರು ಎಣಿಸುತ್ತಾ ಬರೆದಿಟ್ಟಿದ್ದ. ಪದ್ಯಕ್ಕೆ ಬಹಳ ಉಪಯುಕ್ತ.) ಪ್ರತಿ ರೂಪಾಯಿಯೂ ಸರಾಸರಿ 20 ಪೈಸೆ ಕಳೆದುಕೊಳ್ಳುವ ಜಾಗದಲ್ಲಿ ರೂಪಾಯಿಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ಮೊತ್ತ ಕಳೆತವೇ. ಬಾಜಿ ಎಷ್ಟು ಕಟ್ಟಬೇಕು ಎಂಬುದಕ್ಕೆ ಗಣಿತಜ್ಞರು ಗಂಭೀರವಾಗಿ ಒಪ್ಪುವ ಸೂತ್ರ ಒಂದಿದೆ, ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟದ್ದು. ಬೆಲೆಯಲ್ಲಿ ನಿಮಗೆ ಮೇಲುಗೈ ಇಲ್ಲದಿದ್ದಾಗ ಎಷ್ಟು ಕಟ್ಟಬೇಕು ಎಂದು ಅದನ್ನು ಕೇಳಿದರೆ ಬರುವ ಉತ್ತರ ಸೊನ್ನೆ.

ಮೊತ್ತದ ಆಟ ಬಿಟ್ಟು ಕುದುರೆ ಆರಿಸುವ ಆಟಕ್ಕೆ ಬಂದರೆ ಇಂದಿನ ಫ್ಯಾಷನ್ ‘ಡೇಟಾ’. “ಕಳೆದ ಸೀಸನ್ನಿನಲ್ಲಿ ಒಳಗಿನ ಗೇಟಿನಿಂದ ಓಡಿದ, ನಾಲ್ಕು ವರ್ಷದ, ಮೂರು ವಾರ ವಿಶ್ರಾಂತಿ ಪಡೆದ, 1,400 ಮೀಟರಿನ ಕುದುರೆಗಳ ಮೇಲೆ ಕಟ್ಟಿದ್ದರೆ ಶೇ 60 ಲಾಭ.” ಅಂಕಿ ನಿಜವೇ ಇರಬಹುದು. ಹುಡುಕಿದ ರೀತಿ ನೋಡಿ. ಹತ್ತು ಹೌದು–ಇಲ್ಲ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಬೆರೆಸಿದರೆ 1,024 ನಿಯಮಗಳಾಗುತ್ತವೆ. 1,024 ಜನ ತಲಾ ಹತ್ತು ಸಲ ನಾಣ್ಯ ಚಿಮ್ಮಿದರೆ ಸರಾಸರಿ ಒಬ್ಬನಿಗೆ ಹತ್ತೂ ರಾಜನೇ ಬೀಳುತ್ತದೆ. ಅವನಿಗೆ ನಾಣ್ಯ ಚಿಮ್ಮುವ ವಿದ್ಯೆ ಗೊತ್ತಿದೆ ಎಂದು ನಾವು ಹೇಳುವುದಿಲ್ಲ. ಹಳೆಯ ಫಲಿತಾಂಶಗಳ ನಡುವೆ ಕೂತು ನಿಯಮ ಹುಡುಕಿದರೆ ಒಂದಲ್ಲ ಒಂದು ಹೊಳೆಯಲೇಬೇಕು. ಆ ಹೊಳಪು ಮುಂದಿನ ಸೀಸನ್ನಿಗೆ ಬರುವುದಿಲ್ಲ. ಮೊದಲ ಪ್ಯಾರಾದ ವಾಟ್ಸಾಪ್ ಆಸಾಮಿ 4,096 ಜನರ ಮೇಲೆ ಮಾಡಿದ್ದನ್ನೇ ಇವನು 1,024 ನಿಯಮಗಳ ಮೇಲೆ, ತನಗೆ ತಾನೇ ಮಾಡಿಕೊಂಡಿದ್ದಾನೆ.

ಜೊತೆಗೆ, ಹ್ಯಾಂಡಿಕ್ಯಾಪ್ ರೇಸಿನಲ್ಲಿ ಚೆನ್ನಾಗಿ ಓಡಿದ ಕುದುರೆಗೆ ಮುಂದಿನ ಸಲ ಬೆನ್ನ ಮೇಲೆ ಹೆಚ್ಚು ತೂಕ ಹೇರುತ್ತಾರೆ. ಎಲ್ಲ ಕುದುರೆಗಳೂ ಸರಿಸಮ ಬರಲಿ ಎಂಬುದೇ ಅದರ ಉದ್ದೇಶ. ನಿನ್ನೆಯ ಗೆಲುವನ್ನು ನೋಡಿ ಇಂದು ಕಟ್ಟುವವನ ದಾರಿಗೆ ಅಡ್ಡ ಹಾಕಲೆಂದೇ ಒಬ್ಬ ಅಧಿಕಾರಿ ಸಂಬಳ ತೆಗೆದುಕೊಂಡು ಕೂತಂತೆ.

“ಸುಪ್ರೀಂ ಕೋರ್ಟೇ ಕುದುರೆ ರೇಸ್ ಕೌಶಲದ ಆಟ ಎಂದಿದೆಯಲ್ಲ” ಎನ್ನುವ ವಾದವನ್ನು ಪದ್ಧತಿ ಮಾರುವವರು ತಪ್ಪದೆ ತರುತ್ತಾರೆ. ಹೌದು, 1996ರ ಜನವರಿಯಲ್ಲಿ ಡಾ. ಕೆ.ಆರ್. ಲಕ್ಷ್ಮಣನ್ ಮತ್ತು ತಮಿಳುನಾಡು ಸರ್ಕಾರದ ನಡುವಿನ ಪ್ರಕರಣದಲ್ಲಿ ಕೋರ್ಟು ಹಾಗೆ ಹೇಳಿತು. ಅಲ್ಲಿ ಇದ್ದ ಪ್ರಶ್ನೆ ಕಾನೂನಿನ ಕಣ್ಣಿಗೆ ಇದು ಜೂಜೋ ಅಲ್ಲವೋ ಎಂಬುದು. ಕಟ್ಟಿದವನಿಗೆ ಲಾಭ ಬರುತ್ತದೋ ಎಂದು ಯಾರೂ ಕೇಳಿರಲಿಲ್ಲ. ಕೌಶಲ ಇದೆ ಎಂಬುದು ಹೊಸಬನಿಗೆ ಸಿಹಿ ಸುದ್ದಿಯೂ ಅಲ್ಲ. ಲಾಟರಿಯಲ್ಲಾದರೆ ಎಲ್ಲರೂ ಸಮಾನ ಪೆದ್ದರು. ಇಲ್ಲಿ ಎದುರು ಕೂತವನಿಗೆ ಮೂವತ್ತು ವರ್ಷದ ಅನುಭವ ಇರಬಹುದು, ಬೆಳಗಿನ ಟ್ರ್ಯಾಕ್ ಓಟ ನೋಡಿ ಬಂದಿರಬಹುದು, ಅವನ ಆ ತಿಳಿವೆಲ್ಲ ನೀವು ಕಟ್ಟುವ ಹೊತ್ತಿಗೆ ಬೆಲೆಯೊಳಗೆ ಸೇರಿಹೋಗಿರುತ್ತದೆ. ಒಳ್ಳೆಯ ಕುದುರೆ ಯಾವುದು ಎಂದು ಗೊತ್ತಿದ್ದರೆ ಸಾಲದು, ಅದರ ಒಳ್ಳೆಯತನ ಬೆಲೆಯಲ್ಲಿ ಇನ್ನೂ ಸೇರಿಲ್ಲ ಎಂದು ಗೊತ್ತಿರಬೇಕು.

ಇದನ್ನು ಸಾಧಿಸಿದವರು ಇಲ್ಲವೇ? ಇದ್ದಾರೆ, ಅವರ ಕಥೆಯೇ ದಿಢೀರ್ ಶ್ರೀಮಂತಿಕೆಯ ಕನಸಿಗೆ ದೊಡ್ಡ ತಣ್ಣೀರು. ಅಮೆರಿಕದ ಬಿಲ್ ಬೆಂಟರ್ ಲಾಸ್ ವೇಗಾಸ್‌ನಲ್ಲಿ ಇಸ್ಪೀಟಿನ ಎಲೆ ಎಣಿಸಿ ಆಡುತ್ತಿದ್ದವನು, 1980ರ ದಶಕದ ನಡುವಿನಲ್ಲಿ ಆಸ್ಟ್ರೇಲಿಯಾದ ಅಲನ್ ವುಡ್ಸ್ ಜೊತೆ ಹಾಂಗ್‌ಕಾಂಗ್‌ಗೆ ಹೋದ. ಅಲ್ಲಿ ಅದೇ ಕುದುರೆಗಳು ಎರಡೇ ಮೈದಾನಗಳಲ್ಲಿ ಮತ್ತೆ ಮತ್ತೆ ಓಡುತ್ತವೆ, ರಾಶಿಗಳು ಅಪಾರ ದೊಡ್ಡವು. ಒಬ್ಬನ ಬಾಜಿಯಿಂದ ಬೆಲೆ ಅಷ್ಟಾಗಿ ಕುಸಿಯುವುದಿಲ್ಲ. ಮೊದಮೊದಲು ಸೋತರು. ಪ್ರತಿ ಕುದುರೆಯ ಹತ್ತಾರು ವಿವರಗಳನ್ನು ಕಂಪ್ಯೂಟರಿಗೆ ಉಣಿಸಿ, ವರ್ಷಗಟ್ಟಲೆ ತಿದ್ದಿ, ಆಮೇಲೆ ಲಾಭ ಕಂಡರು. 1994ರಲ್ಲಿ ಬೆಂಟರ್ ತನ್ನ ವಿಧಾನವನ್ನು ಪ್ರಬಂಧವಾಗಿ ಪ್ರಕಟಿಸಿದ. ಅದರಲ್ಲಿ ನನಗೆ ಹಿಡಿಸಿದ ಸಂಗತಿ ಇದು: ಅಷ್ಟೆಲ್ಲ ದುಡಿದ ಮೇಲೂ ಅವನ ಕಂಪ್ಯೂಟರಿನ ಅಂದಾಜು ಒಂಟಿಯಾಗಿ ಸಾಕಾಗಲಿಲ್ಲ. ಜನರು ಕಟ್ಟಿದ ದುಡ್ಡು ಹುಟ್ಟಿಸಿದ ಬೆಲೆಯನ್ನೂ ಅದಕ್ಕೆ ಬೆರೆಸಿಕೊಳ್ಳಬೇಕಾಯಿತು. ಮೈದಾನದ ಗುಂಪಿಗೆ ತನಗೆ ತಿಳಿಯದ್ದು ತಿಳಿದಿದೆ ಎಂದು ಒಪ್ಪಿದ ಮೇಲೆಯೇ ಅವನು ಗೆದ್ದದ್ದು. 15,000 ರೂಪಾಯಿಯ ಟಿಪ್ಸ್ ಕೊಂಡವನು ಎದುರಿಸಬೇಕಾಗಿರುವುದು ಇಂಥ ಗುಂಪನ್ನು, ಶೇ 40 ತೆರಿಗೆಯ ಸಮೇತ.

‘ಒಳಗಿನ ಮಾಹಿತಿ’ಯ ವಿಷಯ ಬೇಗ ಮುಗಿಸಬಹುದು. ಲಾಯದವನೊಬ್ಬನಿಗೆ ನಿಜವಾಗಿ ಏನೋ ಗೊತ್ತಿದೆ ಅನ್ನಿ. ಅದನ್ನು ಇನ್ನೂರು ಜನಕ್ಕೆ ಮಾರಿದರೆ ಇನ್ನೂರು ಜನರ ದುಡ್ಡೂ ಅದೇ ಕುದುರೆಯ ಮೇಲೆ ಬಿದ್ದು ಬೆಲೆ ಕುಸಿಯುತ್ತದೆ. ಗುಟ್ಟು ನಿಜವಾದಷ್ಟೂ ಮಾರುವುದು ನಷ್ಟ. ಹಾಗಾಗಿ ಮಾರಾಟಕ್ಕೆ ಬಂದಿದೆ ಎಂಬುದೇ ಅದರ ಬೆಲೆಯನ್ನು ಹೇಳುತ್ತದೆ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ: “ನೀವು ಕಟ್ಟುವುದೇ ಬೇಡ. ದುಡ್ಡು ನಮಗೆ ಕೊಡಿ, ನಮ್ಮ ತಂಡ ಕಟ್ಟುತ್ತದೆ, ದಿನಕ್ಕೆ ಶೇ 2 ಗ್ಯಾರಂಟಿ.” ಶೇ 2 ಎಂದರೆ ಕಡಿಮೆ ಅನ್ನಿಸುತ್ತದೆ, ಅದಕ್ಕೇ ಆ ಅಂಕಿ ಇಡುವುದು. ವರ್ಷಕ್ಕೆ 250 ದಿನದಂತೆ ಒಂದು ಲಕ್ಷವನ್ನು ಶೇ 2ರ ದರದಲ್ಲಿ ಬೆಳೆಸುತ್ತಾ ಹೋಗಿ. ವರ್ಷದ ಕೊನೆಗೆ ಸುಮಾರು 1 ಕೋಟಿ 41 ಲಕ್ಷ. ಎರಡನೇ ವರ್ಷಕ್ಕೆ ಸುಮಾರು 200 ಕೋಟಿ. ಈ ವಿದ್ಯೆ ಬಲ್ಲವನಿಗೆ ನಿಮ್ಮ ಲಕ್ಷ ಯಾತಕ್ಕೆ ಬೇಕು? ಇಂಥ ಕಡೆ ಮೊದಲ ತಿಂಗಳು ಬರುವ ‘ಲಾಭ’ ಸಾಮಾನ್ಯವಾಗಿ ನಿಮ್ಮ ನಂತರ ಸೇರಿದವರ ದುಡ್ಡು. ಅನುಮತಿಯಿಲ್ಲದೆ ಹೀಗೆ ಠೇವಣಿ ಸಂಗ್ರಹಿಸುವುದನ್ನು 2019ರ ಕೇಂದ್ರ ಕಾನೂನು ನಿಷೇಧಿಸಿದೆ. ಫೋನಿನಲ್ಲೋ ಆ್ಯಪಿನಲ್ಲೋ ದುಡ್ಡು ಕಳಿಸಿ ಮೋಸ ಹೋಗಿದ್ದರೆ ನಾಚಿಕೊಂಡು ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಓಡಿರುತ್ತದೆ.

ಯಾವುದೋ ಪದ್ಧತಿಯಲ್ಲಿ ನಿಮಗೆ ನಂಬಿಕೆ ಹುಟ್ಟಿದೆ, ನನ್ನ ಮಾತು ರುಚಿಸುತ್ತಿಲ್ಲ ಎಂದಾದರೆ ಒಂದು ಪರೀಕ್ಷೆ ಇದೆ. ಖರ್ಚು ಒಂದು ನೋಟ್‌ಬುಕ್ಕಿನದು. ಪದ್ಧತಿಯ ನಿಯಮಗಳನ್ನು ಮೊದಲ ಪುಟದಲ್ಲಿ ಬರೆದು ತಾರೀಖು ಹಾಕಿ. ಆಮೇಲೆ ಅದನ್ನು ಮುಟ್ಟುವಂತಿಲ್ಲ. ಮುಂದಿನ 200 ರೇಸುಗಳಿಗೆ ದುಡ್ಡು ಕಟ್ಟದೆ, ಪ್ರತಿ ರೇಸ್ ಶುರುವಾಗುವ ಮೊದಲು ಯಾವ ಕುದುರೆ, ಎಷ್ಟು ಎಂದು ಬರೆಯಿರಿ. ರೇಸ್ ಆದ ಮೇಲೆ ಬರೆದದ್ದು ಲೆಕ್ಕಕ್ಕಿಲ್ಲ. ಬೆಲೆ ಬೆಳಗಿನದ್ದಲ್ಲ, ಕೊನೆಯಲ್ಲಿ ಘೋಷಿಸಿದ ಡಿವಿಡೆಂಡ್, ಅಂದರೆ ಗೆದ್ದ ಟಿಕೆಟ್ಟಿಗೆ ಕೊಡುವ ಮೊತ್ತ. ತೆರಿಗೆ ಸೇರಿಸಲೇಬೇಕು. “ಈ ರೇಸ್ ಮಳೆಯಿಂದ ಕೆಟ್ಟಿತು, ಬಿಡೋಣ” ಎಂದು ಯಾವುದನ್ನೂ ಬಿಡಬಾರದು. ನಾನು ಕಂಡಂತೆ ಬಹಳ ಜನ ಮೂವತ್ತನೇ ರೇಸಿನ ಆಸುಪಾಸು ಮೊದಲ ಪುಟವನ್ನು ತಿದ್ದಲು ಪೆನ್ನು ತೆಗೆಯುತ್ತಾರೆ. ತಿದ್ದಿದರೆ ತಪ್ಪೇನಿಲ್ಲ, ಎಣಿಕೆ ಮಾತ್ರ ಮತ್ತೆ ಒಂದರಿಂದ.

ದಿನದ ಕೊನೆಯ ರೇಸಿನ ಬಗ್ಗೆ ಒಂದು ಮಾತು. ಜನ ಅಪರೂಪಕ್ಕೆ ಗೆಲ್ಲುವ ಕುದುರೆಗಳ ಮೇಲೆ ಅರ್ಹತೆಗಿಂತ ಹೆಚ್ಚು ದುಡ್ಡು ಸುರಿಯುತ್ತಾರೆ ಎಂದು 1949ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಗ್ರಿಫಿತ್ ರೇಸ್ ಅಂಕಿಗಳಿಂದ ತೋರಿಸಿದ್ದ. 1956ರಲ್ಲಿ ಮೆಕ್‌ಗ್ಲಾತ್ಲಿನ್ ಎಂಬಾತ ದಿನದ ರೇಸುಗಳನ್ನು ಕ್ರಮವಾಗಿ ಇಟ್ಟು ನೋಡಿದಾಗ, ಕೊನೆಯ ರೇಸಿಗೆ ಬರುವ ಹೊತ್ತಿಗೆ ಜನರ ಆಯ್ಕೆ ಬದಲಾಗುವುದು ಕಂಡಿತು. ಯಾಕೆಂದು ಊಹಿಸಲು ಸಂಶೋಧನೆ ಬೇಕಿಲ್ಲ. ಮಧ್ಯಾಹ್ನದಿಂದ ಸೋತವನಿಗೆ ಕಳೆದದ್ದನ್ನೆಲ್ಲ ಒಂದೇ ಏಟಿಗೆ ತರುವ ಕುದುರೆ ಬೇಕು, ಅಂಥದ್ದು ಹಾಗೆ ಗೆಲ್ಲುವುದಿಲ್ಲವೆಂದೇ ಅದಕ್ಕೆ ಅಷ್ಟು ಬೆಲೆ. ಯಾವ ಪದ್ಧತಿ ಹಿಡಿದು ಬಂದವನೂ ಆ ಹೊತ್ತಿಗೆ ಅದನ್ನು ಕೈಬಿಟ್ಟಿರುತ್ತಾನೆ.

ಕಳೆದದ್ದನ್ನು ತರಲೆಂದೇ ಮತ್ತೆ ಕಟ್ಟುವುದು, ಮನೆಯವರಿಗೆ ಮೊತ್ತ ಮುಚ್ಚಿಡುವುದು, ಬಡ್ಡಿಗೆ ತಂದು ಕಟ್ಟುವುದು ಇಷ್ಟರಲ್ಲಿ ಯಾವುದಾದರೂ ಶುರುವಾಗಿದ್ದರೆ ಮೇಲಿನ ಗಣಿತ ಕೆಲಸಕ್ಕೆ ಬರುವುದಿಲ್ಲ. ಲೆಕ್ಕ ಬಾರದೆ ಹೀಗೆ ಆಗುವುದಲ್ಲ ಅದು. ಅದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಗಳಿಗೆಂದೇ ವಿಭಾಗವಿದೆ. ಅಲ್ಲಿಗೆ ಹೋಗಲು ಮನಸ್ಸು ಹಿಂಜರಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಂಟು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.